ಸಹಾಯ ಬೇಕು: ವಾಸ್ಕೋದಿಂದ ಹಳೇ ಗೋವಾ, ಬಸ್ಸಲ್ಲೇ ಹೋಗಿಬರೋದು

ಭಾನುವಾರ ಐದು ಜನ, ಅದರಲ್ಲಿ ಇಬ್ಬರಿಗೆ ಮಂಡಿನೋವು. ಪಣಜಿ ಕದಂಬ ಸ್ಟ್ಯಾಂಡಲ್ಲಿ ಬಸ್ ಬದಲಿಸಿದರೆ ಮುಂದೆ ಸುಮಾರು 10 ಕಿ.ಮೀ. ಕಂಡಕ್ಟರಿಗೆ 'ಓಲ್ಡ್ ಗೋವಾ' ಅಂತಲೇ ಹೇಳಬೇಕು. ಪೋರ್ಚುಗೀಸಿನಲ್ಲಿ ಅದೇ ಅರ್ಥ ಬರುವ 'ಗೋವಾ ವೆಲ್ಹಾ' ಅಂತ ಹೇಳಿದರೆ ಆಗಸಯಿಂ ದಾಟಿದೊಡನೆ ಇಳಿಸಿಬಿಡುತ್ತಾರೆ. ಅದು ನಮ್ಮ ಕದಂಬರ ಹಳೇ ರಾಜಧಾನಿ ಗೋಪಕಪಟ್ಟಣದ ಕಡೆ, ಬೇರೆಯೇ ಊರು!

ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ಇರುತ್ತದಲ್ಲ, ಹಾಗಾಗಿ ಬಿಸಿಲೇರುವ ಮುಂಚೆ ಗುಡ್ಡದ ಮೇಲಿನ ಸಂತ ಆಗಸ್ಟೀನ್ ಗೋಪುರವೇ ಮೊದಲು. ಜಂಬುಕಲ್ಲಿನದು, 46 ಮೀಟರ್. 1842ರಲ್ಲಿ ಅಲ್ಲಿನ ಚರ್ಚಿನ ಚಾವಣಿ ಬಿತ್ತು, 1931ರಲ್ಲಿ ಗೋಪುರದ ಅರ್ಧ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಚಪ್ಪಲಿ ಬೇಡ. ಆಮೇಲೆ ಆದಿಲ್ ಶಾಹಿ ಅರಮನೆಯ ಬಾಗಿಲು; ಉಳಿದಿರೋದು ಅಷ್ಟೇ.

ಕೇಳಬೇಕಿದ್ದದ್ದು: ಪಣಜಿಗೆ ಹೋಗದೆ ಪಿಲಾರ್ ಊರಿನ ಮೇಲಿಂದ ನೇರ ಬಸ್ ಇದೆಯಾ? ಭಾನುವಾರವೂ ಓಡುತ್ತಾ? ಗುಡ್ಡದ ಬುಡದವರೆಗೆ ಆಟೋಕ್ಕೆ ಎಷ್ಟು ಕೊಡಬಹುದು? ಅಗ್ಗದ ಸಸ್ಯಾಹಾರಿ ಊಟ ಎಲ್ಲಿ? ಗೊತ್ತಿದ್ದವರು ಹೇಳ್ರಪ್ಪ.