‘ಡೋಂಟ್ ಲೂಸ್ ಯುವರ್ ಹೆಡ್’: ಮೂಲಕಥೆ ತಿಳಿಯದೆ ಈ ಅಣಕ ದಕ್ಕುವುದೇ?

ಪ್ರಶ್ನೆ

ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ನಡೆಯುವ ಈ ಬ್ರಿಟಿಷ್ ಹಾಸ್ಯಚಿತ್ರವನ್ನು ಮೊನ್ನೆ ನೋಡಿದೆ. ಹಲವೆಡೆ ಮನಸಾರೆ ನಕ್ಕೆನಾದರೂ ಮುಖ್ಯವಾದದ್ದೇನೋ ಕೈತಪ್ಪಿತೆಂಬ ಕೊರಗು ಉಳಿದಿದೆ. ಇದು ಹಳೆಯ ಸಾಹಸಕಥೆಯೊಂದರ ಅಣಕವಂತೆ. ಅದನ್ನು ಓದದವರಿಗೆ ಚಿತ್ರ ಎಷ್ಟು ದಕ್ಕೀತು? ಸಾವಿರಾರು ಜನರ ತಲೆ ಉರುಳಿಸಿದ ಗಿಲೊಟಿನ್ ಯಂತ್ರವನ್ನು ನಗೆಯ ವಸ್ತುವಾಗಿಸಿದ್ದು ಸರಿಯೇ ಎಂಬುದೂ ನನ್ನನ್ನು ಕಾಡುತ್ತಿದೆ.

ಉತ್ತರ 1

ಮೂಲ ಬ್ಯಾರನೆಸ್ ಆರ್ಕ್ಸಿಯವರ ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’. ಅದು 1903ರಲ್ಲಿ ನಾಟಕವಾಗಿ ರಂಗಕ್ಕೆ ಬಂದು, 1905ರಲ್ಲಿ ಕಾದಂಬರಿಯಾಗಿ ಪ್ರಕಟವಾಯಿತು. ಲಂಡನ್ನಿನಲ್ಲಿ ಉಡುಪಿನ ಚಿಂತೆ ಬಿಟ್ಟು ಬೇರೇನೂ ಅರಿಯದ ಶೋಕಿಲಾಲನಂತೆ ನಟಿಸುವ ಸರ್ ಪರ್ಸಿ ಬ್ಲೇಕ್ನಿ, ವೇಷ ಮರೆಸಿಕೊಂಡು ಪ್ಯಾರಿಸ್ಸಿಗೆ ಹೋಗಿ ಶ್ರೀಮಂತ ಮನೆತನದವರನ್ನು ಮರಣದಂಡನೆಯಿಂದ ಪಾರುಮಾಡುತ್ತಾನೆ. ಅವನ ಗುರುತು ಒಂದು ಪುಟ್ಟ ಕೆಂಪು ಹೂವು. ಅಣಕುಚಿತ್ರದಲ್ಲಿ ಆ ಹೂವಿನ ಜಾಗಕ್ಕೆ ಕರಿಯ ಉಗುರು ಬಂದಿದೆ, ಬ್ಲೇಕ್ನಿಯ ಜಾಗಕ್ಕೆ ಸಿಡ್ ಜೇಮ್ಸ್ ಅಭಿನಯಿಸಿದ ಸರ್ ರಾಡ್ನಿ ಎಫಿಂಗ್ ಬಂದಿದ್ದಾನೆ. ಹೂವಿಗೂ ಉಗುರಿಗೂ ಇರುವ ಅಂತರವೇ ಚಿತ್ರದ ಧಾಟಿಯನ್ನು ಹೇಳುತ್ತದೆ. ಸಿಡ್ ಜೇಮ್ಸರ ಸುಕ್ಕುಗಟ್ಟಿದ ಒರಟು ಮುಖದ ಮೇಲೆ ನಾಜೂಕಿನ ಹಾವಭಾವ ಕಂಡಾಗ ಬರುವ ನಗೆ, ಮೂಲದ ನಾಯಕನನ್ನು ಬಲ್ಲವರಿಗೆ ಇಮ್ಮಡಿಯಾಗುತ್ತದೆ. ಸಾಧ್ಯವಾದರೆ ಆ ಮೂಲಕಥೆಯನ್ನಾಧರಿಸಿ ಲೆಸ್ಲಿ ಹೊವಾರ್ಡ್ ನಟಿಸಿದ 1934ರ ಚಿತ್ರವನ್ನು ಮೊದಲು ನೋಡಿ.

ಉತ್ತರ 2

ಮೂಲ ತಿಳಿದಿದ್ದರೆ ಒಳ್ಳೆಯದೇ, ಆದರೆ ಅನಿವಾರ್ಯವಲ್ಲ ಎಂಬುದು ನನ್ನ ಅಭಿಪ್ರಾಯ. ಟಾಲ್ಬಟ್ ರಾತ್‌ವೆಲ್ ಬರೆದ ಈ ಚಿತ್ರಕಥೆಯ ಜೀವ ಶ್ಲೇಷೆಯಲ್ಲಿದೆ. ಕೆನ್ನೆತ್ ವಿಲಿಯಮ್ಸ್ ನಿರ್ವಹಿಸಿದ ಖಳನಾಯಕ ಕ್ಯಾಮೆಂಬೆರ್ ಎಂಬವನ ಹೆಸರು ಒಂದು ಬಗೆಯ ಚೀಸಿನದು; ಇಂಗ್ಲಿಷಿನಲ್ಲಿ ದೊಡ್ಡ ಮನುಷ್ಯನನ್ನು ‘ಬಿಗ್ ಚೀಸ್’ ಎನ್ನುವ ರೂಢಿ ನೆನಪಾದರೆ ಹಾಸ್ಯ ತಾನಾಗಿಯೇ ತೆರೆದುಕೊಳ್ಳುತ್ತದೆ. ಚಾರ್ಲ್ಸ್ ಹಾಟ್ರಿ ನಟಿಸಿದ ಡ್ಯೂಕ್ ‘ಪಾಮ್‌ಫ್ರಿಟ್’ನ ಹೆಸರಿನಲ್ಲಿರುವುದಂತೂ ಕರಿದ ಆಲೂಗಡ್ಡೆ.

ಔಚಿತ್ಯದ ಪ್ರಶ್ನೆಗೆ ಉತ್ತರವೂ ಈ ಡ್ಯೂಕನ ದೃಶ್ಯದಲ್ಲೇ ಇದೆ. ಗಿಲೊಟಿನ್ನಿಗೆ ಕೊರಳೊಡ್ಡಿರುವಾಗಲೂ ಅವನು ಪುಸ್ತಕ ಓದುವುದನ್ನು ಬಿಡುವುದಿಲ್ಲ. ತುರ್ತು ಪತ್ರವೊಂದು ಬಂದಾಗ, ಬುಟ್ಟಿಯಲ್ಲಿ ಹಾಕಿಡಿ, ಆಮೇಲೆ ಓದುತ್ತೇನೆ ಎನ್ನುತ್ತಾನೆ. ಅದು ಕಡಿದ ತಲೆ ಬೀಳುವ ಬುಟ್ಟಿ. ಇಲ್ಲಿ ನಗೆಗೀಡಾಗುವುದು ಸತ್ತವರ ನೋವಲ್ಲ. ಸಾವಿನ ಮುಂದೆಯೂ ಹುಬ್ಬು ಅಲುಗಿಸದ ನಾಯಕರನ್ನು ಸೃಷ್ಟಿಸಿ ನಮ್ಮನ್ನು ಮರುಳುಮಾಡಿದ ಸಾಹಸಕಥೆಗಳ ಗತ್ತು. ಕ್ರಾಂತಿಗೆ ಕಾರಣವಾದ ಹಸಿವು, ತೆರಿಗೆಗಳ ಸುದ್ದಿಗೆ ಚಿತ್ರ ಹೋಗುವುದಿಲ್ಲವೆಂಬುದು ನಿಜ, ಆದರೆ ಅಣಕಕ್ಕೆ ಗುರಿಯಾದ ಕಥೆಗಳೂ ಹೆಚ್ಚಾಗಿ ಶ್ರೀಮಂತರ ಕಣ್ಣಿನಿಂದಲೇ ಪ್ಯಾರಿಸ್ಸನ್ನು ಕಂಡಂಥವು.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಜೆರಾಲ್ಡ್ ಥಾಮಸ್ ನಿರ್ದೇಶಿಸಿದ ಈ ಚಿತ್ರ ‘ಕ್ಯಾರಿ ಆನ್’ ಎಂಬ ಬ್ರಿಟಿಷ್ ಹಾಸ್ಯಚಿತ್ರ ಸರಣಿಯ 13ನೆಯದು. ಸರಣಿಯು ರ‍್ಯಾಂಕ್ ಎಂಬ ಚಲನಚಿತ್ರ ಸಂಸ್ಥೆಯ ಕೈಗೆ ಬಂದ ಮೇಲಿನ ಮೊದಲ ಚಿತ್ರವಿದು; ಸರಣಿಯ ಹೆಸರು ಹಿಂದಿನ ಸಂಸ್ಥೆಯೊಂದಿಗೆ ಗುರುತಾಗಿದ್ದರಿಂದ ಶೀರ್ಷಿಕೆಯಲ್ಲಿ ಆರಂಭದಲ್ಲಿ ‘ಕ್ಯಾರಿ ಆನ್’ ಎಂಬ ಪದಗಳಿರಲಿಲ್ಲ. ಫ್ರಾನ್ಸಿನ ಅರಮನೆಯ ಭ್ರಮೆ ಹುಟ್ಟಿಸಲು ಬಳಸಿದ ವ್ಯಾಡ್ಸ್‌ಡನ್ ಮ್ಯಾನರ್ ಇರುವುದು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರಿನಲ್ಲಿ; 19ನೆಯ ಶತಮಾನದಲ್ಲಿ ಫ್ರೆಂಚ್ ಶೈಲಿಯಲ್ಲಿ ಕಟ್ಟಿದ ಮಹಲದು. ಮತ್ತೊಮ್ಮೆ ನೋಡುವಾಗ ಕೊನೆಯ ಕತ್ತಿವರಸೆಯನ್ನು ಗಮನಿಸಿ: ಬೆಲೆಬಾಳುವ ಕಲಾಕೃತಿಗಳು ಒಂದೊಂದಾಗಿ ಪುಡಿಯಾಗುತ್ತ ಹೋಗುವ ಆ ದೀರ್ಘ ಕಾಳಗವು ಸಾಹಸಚಿತ್ರವೊಂದರ ಕಾಳಗದಷ್ಟೇ ಶ್ರದ್ಧೆಯಿಂದ ರೂಪುಗೊಂಡಿದೆ.