ಪದಚರ್ಚೆ: ಇಲಿಯ ಹೊಟ್ಟೆಯಲ್ಲಿ ಪಾಚಿ ಅರಗುತ್ತದೋ, ಹುಳಿ ಬರುತ್ತದೋ?

ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ಪಾಚಿಯ ಪುಡಿಯನ್ನು ಪ್ರಯೋಗಾಲಯದ ಇಲಿಗಳಿಗೆ ತಿನ್ನಿಸಿದರೆ ಅವುಗಳ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಪಿಯು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಪಾಚಿ. ಪಠ್ಯದಲ್ಲಿ ಶೈವಲ ಅಂತಿದೆ, ಆದರೆ ಯಾರೂ ಹಾಗೆ ಹೇಳುವುದಿಲ್ಲ. ಪಾಚಿ ಅಂದರೆ ನಮ್ಮ ಕಡೆ ಮಳೆಗಾಲದ ಅಂಗಳ ನೆನಪಾಗುತ್ತದೆ. ಕಾಲು ಜಾರದಿರಲಿ ಅಂತ ತೆಂಗಿನ ಮಡಲು ಹಾಕುತ್ತೇವಲ್ಲ, ಅದು. ಆದರೂ ನನಗೆ ಪಾಚಿಯೇ ಇಷ್ಟ. ಮಲ್ಪೆಯ ಬಂಡೆಗಳಲ್ಲಿ ಬೆಳೆಯುವ ದೊಡ್ಡ ಜಾತಿಗೆ ಕಡಲಕಳೆ ಅಂದರೆ ಸಾಕು. ಸ್ಪಿರುಲಿನಾ ನಿಜಕ್ಕೂ ಬ್ಯಾಕ್ಟೀರಿಯಾ, ಆದರೆ ಅದನ್ನೂ ನೀಲಿ-ಹಸಿರು ಪಾಚಿ ಎನ್ನುವ ರೂಢಿ ಇದೆ.

ನನಗೆ ನಿಜವಾಗಿ ಕಷ್ಟ ಕೊಡುತ್ತಿರುವುದು ಅರಗು. ಸ್ಪಿರುಲಿನಾದ ಕೋಶಗೋಡೆಯಲ್ಲಿ ಸೆಲ್ಯುಲೋಸ್ ಎಂಬ ಅರಗದ ನಾರು ಇಲ್ಲ. ಹಾಗಾಗಿ ಸುಲಭವಾಗಿ ಅರಗುತ್ತದೆ. ಕ್ಲೋರೆಲ್ಲಾ ಎಂಬ ಹಸಿರು ಪಾಚಿಯ ಗೋಡೆ ಗಟ್ಟಿ, ಅದನ್ನು ಒಡೆದು ಕೊಟ್ಟರೆ ಚೆನ್ನಾಗಿ ಅರಗುತ್ತದೆ. ಇಲ್ಲಿಯವರೆಗೆ ತೊಂದರೆ ಇಲ್ಲ. ಆದರೆ ಕಂದು ಕಡಲಕಳೆಯಲ್ಲಿರುವ ಆಲ್ಜಿನೇಟ್ ಎಂಬ ನಾರನ್ನು ಇಲಿಯ ಸ್ವಂತ ಜೀರ್ಣರಸ ಒಡೆಯಲಾರದು. ಅದು ಹಾಗೇ ಸಾಗಿ, ಸಣ್ಣ ಕರುಳು ದೊಡ್ಡ ಕರುಳು ಸೇರುವಲ್ಲಿರುವ ಸೀಕಮ್ ಎಂಬ ಚೀಲಕ್ಕೆ ಹೋಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಸ್ವಲ್ಪ ಮಟ್ಟಿಗೆ ಒಡೆಯುತ್ತವೆ. ಇದನ್ನು ಅರಗಿತು ಅನ್ನಬಹುದೇ? ತಿಂದ ಮೇವಿನ ತೂಕದಲ್ಲಿ ಹಿಕ್ಕೆಯ ತೂಕ ಕಳೆದು ಲೆಕ್ಕ ಹಾಕುವವರು ಜೀರ್ಣರಸ ಒಡೆದದ್ದನ್ನೂ ಸೂಕ್ಷ್ಮಜೀವಿಗಳು ಒಡೆದದ್ದನ್ನೂ ಒಟ್ಟಿಗೇ ಅರಗಿದ್ದು ಎನ್ನುತ್ತಾರೆ. ಮಕ್ಕಳಿಗೆ ಮಾತ್ರ ವ್ಯತ್ಯಾಸ ತಿಳಿಯಲೇಬೇಕು.

ಒಂದು ಕರಡಿನಲ್ಲಿ ‘ನಾರು ಕೊಳೆಯುತ್ತದೆ’ ಎಂದು ಓದಿದೆ. ಅದು ಸರಿಯಲ್ಲ ಅನ್ನಿಸುತ್ತದೆ. ಕೊಳೆತ ಅಂದ ಕೂಡಲೇ ಕೆಟ್ಟುಹೋಯಿತು ಎಂಬ ಅರ್ಥ ಬರುತ್ತದೆ. ದೋಸೆ ಹಿಟ್ಟಿಗೆ ನಾವು ಹುಳಿ ಬಂತು ಅನ್ನುತ್ತೇವಲ್ಲ, ಇಲ್ಲಿಗೂ ಅದೇ ಹೊಂದುತ್ತದೆ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಆ ಚೀಲದಲ್ಲಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯೂಟಿರಿಕ್ ಆಮ್ಲಗಳು ಹುಟ್ಟಿ ನಿಜವಾಗಿಯೂ ಹುಳಿ ಜಾಸ್ತಿಯಾಗುತ್ತದೆ. ಆ ಆಮ್ಲಗಳಿಂದ ಇಲಿಗೆ ಶಕ್ತಿಯೂ ಸಿಗುತ್ತದೆ. ತೊಡಕು ಇಷ್ಟೇ: ಹೊಟ್ಟೆಯಲ್ಲಿ ಹುಳಿ ಅಂದರೆ ಜನ ಎದೆಯುರಿ, ಹುಳಿತೇಗು ಅಂದುಕೊಳ್ಳುತ್ತಾರೆ. ಹುದುಗುವಿಕೆ ಅಂದರೆ ಆ ಗೊಂದಲ ಇಲ್ಲ, ಆದರೆ ಮನೆಮಾತಿನಲ್ಲಿ ಆ ಪದ ಕೇಳುವುದೇ ಅಪರೂಪ.

ಇನ್ನೊಂದು ಪದ ಊತ. ಅರಗದ ನಾರು ಜಾಸ್ತಿ ತಿಂದ ಇಲಿಯ ಸೀಕಮ್ ದೊಡ್ಡದಾಗುತ್ತದೆ. ಇದು ಮೇವಿಗೆ ಹೊಂದಿಕೊಳ್ಳುವ ಬಗೆ, ಸಾಮಾನ್ಯವಾಗಿ ರೋಗವಲ್ಲ. ಊತ ಎಂದು ಬರೆದರೆ ಕಾಯಿಲೆಯಾಗಿ ಕಾಣುತ್ತದೆ. ಹಿಗ್ಗಿತು ಅಂದರೆ ಸಾಕು ಅಲ್ವಾ? ಊತ, ಹುಣ್ಣು ಎಂಬ ಪದಗಳನ್ನು ನಿಜವಾಗಿ ಬೇಕಾದಲ್ಲಿಗೆ ಉಳಿಸಿಕೊಳ್ಳಬೇಕು. 1969ರಲ್ಲಿ ಮಾರ್ಕಸ್ ಮತ್ತು ವಾಟ್ ಎಂಬ ಸಂಶೋಧಕರು, ಕೆಂಪು ಕಡಲಕಳೆಯಿಂದ ಸಿಗುವ ಕ್ಯಾರಜೀನನ್ ಎಂಬ ಅಂಟು ಪದಾರ್ಥವನ್ನು ಸಣ್ಣ ತುಣುಕುಗಳಾಗಿ ಒಡೆದ ರೂಪದಲ್ಲಿ ಗಿನಿ ಪಿಗ್‌ಗಳಿಗೆ ಕುಡಿಸಿದಾಗ ದೊಡ್ಡ ಕರುಳಿನಲ್ಲಿ ಹುಣ್ಣು ಕಂಡಿತು. ಅಲ್ಲಿ ಹುಣ್ಣು ಎಂದೇ ಬರೆಯಬೇಕು. ಆಹಾರಕ್ಕೆ ಬಳಸುವುದು ಹೀಗೆ ಒಡೆದದ್ದಲ್ಲ ಎಂದೂ ಜೊತೆಗೆ ಹೇಳಬೇಕು.

ಸದ್ಯಕ್ಕೆ ಜೀರ್ಣರಸದ ಕೆಲಸಕ್ಕೆ ಅರಗು, ಸೂಕ್ಷ್ಮಜೀವಿಗಳ ಕೆಲಸಕ್ಕೆ ‘ಹುಳಿ ಬರು’ ಎಂದು ಇಟ್ಟುಕೊಂಡಿದ್ದೇನೆ. ಮೇವು ದನದ ಹೊಟ್ಟೆಯೊಳಗೆ ಹುಳಿಯುವುದಕ್ಕೆ ಕುಂದಾಪುರ, ಪುತ್ತೂರು ಕಡೆಯ ದನ ಸಾಕುವವರಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.