ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತಾ? ಅಪ್ಪನ ಎದೇಲಿ ಗಂಟು ಇದೆ

ಹಾಸನದ_ಮಗಳು:
ನಮಸ್ಕಾರ ಎಲ್ರಿಗೂ. ನಮ್ಮಪ್ಪಂಗೆ 64 ವರ್ಷ, ಎಡಗಡೆ ಎದೆ ತೊಟ್ಟಿನ ಹಿಂದೆ ಅಡಿಕೆ ಗಾತ್ರದ್ದು ಗಟ್ಟಿ ಗಂಟು ಆಗಿದೆ, ನೋವಿಲ್ಲ ಅಂತ ಅವ್ರು ಯಾರಿಗೂ ಹೇಳೇ ಇರ್ಲಿಲ್ಲ, ಮೊನ್ನೆ ಎಣ್ಣೆ ಹಚ್ಚುವಾಗ ಅಮ್ಮ ನೋಡಿದ್ದು. ತೊಟ್ಟು ಒಳಗೆ ಎಳ್ಕೊಂಡಿದೆ. ಊರಿನ ಡಾಕ್ಟ್ರು ಕೈಯಲ್ಲಿ ಮುಟ್ಟಿ ನೋಡಿ ಕೊಬ್ಬಿನ ಗಂಟು ಅಂದ್ರು. ಆದ್ರೆ ನಮ್ಮ ಸೋದರತ್ತೆಗೆ ಸ್ತನ ಕ್ಯಾನ್ಸರ್ ಆಗಿತ್ತು, ಅದಕ್ಕೇ ಭಯ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡ್ಸೋಣ ಅಂದ್ರೆ ಅಪ್ಪ "ಅದು ಹೆಂಗಸ್ರ ಕಾಯ್ಲೆ ಕಣೇ, ನಾನು ಅಲ್ಲಿಗೆಲ್ಲ ಬರಲ್ಲ" ಅಂತ ಎದ್ದು ಹೋಗ್ತಾರೆ. ಏನ್ ಮಾಡ್ಲಿ?

ಸರ್ಜರಿ_ವಾರ್ಡ್_ನರ್ಸ್:
ಬರುತ್ತೆ. ನೂರು ಜನ ಸ್ತನ ಕ್ಯಾನ್ಸರ್ ಪೇಷೆಂಟ್ಸಲ್ಲಿ ಸುಮಾರು ಒಬ್ರು ಗಂಡಸ್ರು ಇರ್ತಾರೆ, ಹೆಚ್ಚಾಗಿ 60 ದಾಟಿದವ್ರು. ಗಂಡಸ್ರಿಗೂ ತೊಟ್ಟಿನ ಹಿಂದೆ ಸ್ವಲ್ಪ ಸ್ತನದ ಅಂಗಾಂಶ, ನಾಳಗಳು ಇರುತ್ತವೆ, ಶುರುವಾಗೋದು ಅಲ್ಲೇ.

ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ, ಗೈನಕೊಮಾಸ್ಟಿಯಾ ಅಂತ ಇದೆ, ಅಂದ್ರೆ ಗಂಡಸ್ರ ಸ್ತನದ ಅಂಗಾಂಶ ಊದ್ಕೊಳೋದು, ಕ್ಯಾನ್ಸರ್ ಅಲ್ಲ, ಅದೇ ತುಂಬಾ ಕಾಮನ್ನು. ಅದು ಸಾಮಾನ್ಯವಾಗಿ ಎರಡೂ ಕಡೆ ಬರುತ್ತೆ, ಮುಟ್ಟಿದ್ರೆ ನೋಯುತ್ತೆ, ಸ್ಪೈರೊನೊಲ್ಯಾಕ್ಟೋನ್ ಥರ ಕೆಲವು ಮಾತ್ರೆಯಿಂದ್ಲೂ ಆಗುತ್ತೆ, ಲಿವರ್ ತೊಂದ್ರೆ ಇದ್ರೂ ಆಗುತ್ತೆ. ಆದ್ರೆ ನೀವು ಹೇಳ್ತಿರೋದು ಒಂದೇ ಕಡೆ, ಗಟ್ಟಿ, ನೋವಿಲ್ಲ, ತೊಟ್ಟು ಬೇರೆ ಒಳಗೆ ಹೋಗಿದೆ. ಇಷ್ಟಿದ್ದಾಗ ಬರೀ ಕೈಯಲ್ಲಿ ಮುಟ್ಟಿ ಕೊಬ್ಬು ಅಂತ ಬಿಡೋಕಾಗಲ್ಲ. ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್, ಆಮೇಲೆ ಸೂಜಿ ಬಯಾಪ್ಸಿ (ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡೋದು) ಆಗ್ಲೇಬೇಕು. ಈ ವಾರಾನೇ ಹೋಗಿ ದಯವಿಟ್ಟು. ಕಂಕುಳಲ್ಲಿ ಗಂಟು ಇದ್ಯಾ, ತೊಟ್ಟಿನಿಂದ ರಕ್ತ ಏನಾದ್ರೂ ಬರ್ತಿದ್ಯಾ ಅಂತಾನೂ ಕೇಳಿ.

ಬಿಪಿಎಲ್ ಕಾರ್ಡ್ ಇದ್ರೆ ಜಿಲ್ಲಾ ಆಸ್ಪತ್ರೆಯಲ್ಲಿ ತೋರ್ಸಿ ರೆಫರಲ್ ಬರೆಸ್ಕೊಳಿ, ಕ್ಯಾನ್ಸರ್ ಚಿಕಿತ್ಸೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬರುತ್ತೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೂ ಹೋಗ್ಬಹುದು.

ಧಾರವಾಡ_58:
ನೋಡವಾ ತಂಗಿ, ನನಗ ಇದ ಆಗಿತ್ತು. ನಾನೂ ಗಂಡಸ, ಮೀಸಿ ಅದಾವ, ಹೊಲಾ ಮಾಡಾಂವ. ಆಪರೇಷನ್ ಮಾಡಿ ಒಂದ ಕಡೆ ಎದಿ ಪೂರಾ ತಗದಾರ, ಕಂಕಳಾಗಿನ ಗಂಟೂ ತಗದ ನೋಡಿದ್ರು, ಕೀಮೋ ಆತು, ಈಗ ಟಾಮೊಕ್ಸಿಫೆನ್ ಗುಳಿಗಿ ನಡದೈತಿ, ಐದ ವರ್ಷ ತಗೋಬೇಕಂತ. ಗಂಡಸರೊಳಗ ಹತ್ತರಾಗ ಒಂಬತ್ತ ಮಂದಿಗೆ ಹಾರ್ಮೋನ್ ಮ್ಯಾಲೆ ಬೆಳಿಯೂ ಗಡ್ಡಿನ ಇರತೈತಿ ಅಂತ ಡಾಕ್ಟರ್ ಹೇಳಿದ್ರು, ಅದಕ್ಕ ಈ ಗುಳಿಗಿ ಛಲೋ ಹತ್ತತೈತಿ. ಮೈ ಒಮ್ಮಿಂದೊಮ್ಮೆ ಬಿಸಿ ಆಗತೈತಿ, ಬೆವರ ಕಿತ್ಕೊಂಡ ಬರತೈತಿ, ತಡಕೋಬೇಕ. ಕಾಲ ಬಾತ್ರ ಮಾತ್ರ ಸುಮ್ನ ಕುಂದರಬಾರದು, ರಕ್ತ ಹೆಪ್ಪಗಟ್ಟಿರಬಹುದು.

ನಾಚಿಕಿ ಭಾಳ ಆಗತೈತಿ, ಖರೇ. ಹೊರಗ ಬಾಕಿನ ಮ್ಯಾಲೆ ಎಲ್ಲಾ ಹೆಣ್ಮಕ್ಕಳ, ಪೇಷಂಟ್ ಎಲ್ಲಿ ಅಂತ ನನ್ನ ಹೆಂಡ್ತಿನ್ನ ಕೇಳ್ತಿದ್ರು. ನಿಮ್ಮಪ್ಪಾರಿಗೆ "ಮ್ಯಾಮೊಗ್ರಾಮ್" ಅನ್ನಬ್ಯಾಡ, ಎದಿ ಗಂಟು ಸರ್ಜನ್‌ಗೆ ತೋರ್ಸೂಣು ಅನ್ನು, ಬರ್ತಾರ. ಬೇಕಾದ್ರ ನಾನ ಮಾತಾಡ್ತೀನಿ ಅವರ ಕೂಡ, ಮೆಸೇಜ್ ಹಾಕು.

ಡಲ್ಲಸ್_ಕನ್ನಡಿಗ:
ಅತ್ತೆಗೆ ಆಗಿತ್ತು ಅಂದ್ರಲ್ಲ, ಅದನ್ನ ಡಾಕ್ಟ್ರಿಗೆ ಹೇಳೋದು ಮರೀಬೇಡಿ. ಬಿಆರ್‌ಸಿಎ2 ಅನ್ನೋ ಜೀನ್ ಕೆಟ್ಟಿದ್ರೆ ಗಂಡಸ್ರಿಗೆ ಈ ರಿಸ್ಕ್ ತುಂಬಾ ಜಾಸ್ತಿ, ಪ್ರಾಸ್ಟೇಟ್ ಕ್ಯಾನ್ಸರ್ ರಿಸ್ಕೂ ಏರುತ್ತೆ. ಗಾಯಕಿ ಬಿಯಾನ್ಸೆ ಅವರ ಅಪ್ಪ ಮ್ಯಾಥ್ಯೂ ನೋಲ್ಸ್ 2019ರಲ್ಲಿ ಟೀವಿಯಲ್ಲಿ ಕೂತು ನಂಗೆ ಸ್ತನ ಕ್ಯಾನ್ಸರ್ ಆಗಿದೆ ಅಂತ ಹೇಳಿದ್ರು, ಶರ್ಟ್ ಮೇಲೆ ರಕ್ತದ ಚುಕ್ಕೆ ನೋಡಿ ಪತ್ತೆ ಆಗಿದ್ದು, ಅವ್ರಿಗೂ ಇದೇ ಬಿಆರ್‌ಸಿಎ2. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದ್ರೆ ನಿಮ್ಮಪ್ಪಂಗೆ ಜೆನೆಟಿಕ್ ಟೆಸ್ಟ್ ಕೇಳಿ. ಅವ್ರಲ್ಲಿ ಅದು ಇದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗ್ಲಿ ಹೆಣ್ಣಾಗ್ಲಿ, ಅಂದ್ರೆ ನಿಮಗೂ ನಿಮ್ಮ ಅಣ್ಣತಮ್ಮಂದಿರಿಗೂ ಪರೀಕ್ಷೆ ಬೇಕಾಗುತ್ತೆ.

ಹಾಸನದ_ಮಗಳು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಧಾರವಾಡದ ಅಣ್ಣಾ, ನೀವು ಬರ್ದಿದ್ದನ್ನ ಅಪ್ಪಂಗೆ ಓದಿ ಹೇಳ್ದೆ, ಸುಮ್ನೆ ಕೇಳಿಸ್ಕೊಂಡು "ಅವ್ರ ನಂಬರ್ ಇದ್ಯಾ" ಅಂದ್ರು. ಸೋಮವಾರ ಸರ್ಜನ್ ಹತ್ರ ಹೋಗ್ತಿದ್ದೀವಿ. ಅಪ್ಪ ಹಾರ್ಟ್‌ಗೆ ಅಂತ ದಿನಾ ಇಕೋಸ್ಪ್ರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಆಸ್ಪಿರಿನ್ ಮಾತ್ರೆ) ತಗೋತಾರೆ, ಬಯಾಪ್ಸಿಗೆ ತೊಂದ್ರೆ ಆಗುತ್ತಾ?

ಸರ್ಜರಿ_ವಾರ್ಡ್_ನರ್ಸ್:
ನೀವಾಗೇ ನಿಲ್ಲಿಸ್ಬೇಡಿ. ಎಲ್ಲಾ ಮಾತ್ರೆ ಚೀಟಿನೂ ತಗೊಂಡ್ಹೋಗಿ ಮೊದ್ಲೇ ತೋರ್ಸಿ, ನಿಲ್ಲಿಸ್ಬೇಕಾ ಬೇಡ್ವಾ ಅಂತ ಅವ್ರೇ ಹೇಳ್ತಾರೆ. ಅತ್ತೆಯವ್ರ ಹಳೇ ರಿಪೋರ್ಟ್ ಸಿಕ್ರೆ ಅದನ್ನೂ ಇಟ್ಕೊಳಿ.